ಸೋಮವಾರ ತಿರುಗಿದ ಗಾಣ

ಮಾದನಹಿಪ್ಪರಗಾ
ಕಾರ್ತಿಕ ಸೋಮವಾರ, ೧೪ ನವೆಂಬರ್ ೧೯೩೮

ತಮ್ಮ ಚಂದ್ರಾಮಪ್ಪನಿಗೆ ಅಕ್ಕ ಗುರುಬಾಯಿಯ ಆಶೀರ್ವಾದ.

ಇವತ್ತು ಸೋಮವಾರ, ನನ್ನದು ಒಪ್ಪತ್ತು. ಬೆಳಿಗ್ಗೆ ಎದ್ದು ಅಂಗಳ ಸಾರಿಸಿದೆ, ಎಮ್ಮೆ ಹಿಂಡಿದೆ, ಬಾವಿಯಿಂದ ನಾಲ್ಕು ಕೊಡ ನೀರು ತಂದೆ, ಲಿಂಗಪೂಜೆ ಮುಗಿಸಿದೆ. ಗಾಣದ ಎತ್ತಿನ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿ ಬಿಟ್ಟಿದ್ದೇನೆ. ಸೋಮವಾರ ಎತ್ತು ಎಂದರೆ ಬಸವಣ್ಣ, ಅದರ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದು ಮುಂಬೈ ನೀರು ಕುಡಿದ ಮೇಲೂ ನಿನಗೆ ನೆನಪಿರಬೇಕು. ಕೈಯೂ ಖಾಲಿ, ಹೊಟ್ಟೆಯೂ ಖಾಲಿ. ಅದಕ್ಕೆ ಸಿಟ್ಟು ಒಂದು ಹೆಜ್ಜೆ ಮುಂದೆಯೇ ಬಂದೀತು, ತಾಳಿಕೋ.

ಯುಗಾದಿಗೆ ಬರಲಿಲ್ಲ. ಪಂಚಮಿಗೆ ಅಕ್ಕನ ನೆನಪಾಗಲಿಲ್ಲ. ಎಂಟು ತಿಂಗಳಿಗೆ ಕಾಗದ ಬಂತಲ್ಲ ಎಂದು ಹೊಸ್ತಿಲಲ್ಲೇ ಕೂತು ಒಡೆದೆ. ಒಳಗೆ ಏನಿತ್ತು? ‘ಗಾಣ ಕಳಿಸು.’

ಜಗತ್ತಿನಲ್ಲಿ ಕಲ್ಲಿದ್ದಲು, ಚಿಮಣಿ ಎಣ್ಣೆ, ಕರೆಂಟು ಮಾರುವ ದೊಡ್ಡವರೆಲ್ಲ ವರ್ಷಕ್ಕೊಮ್ಮೆ ಮುಂಬೈಯಲ್ಲಿ ಸೇರುತ್ತಾರೆ, ಆ ಸಮ್ಮೇಳನದಲ್ಲಿ ನಿನ್ನ ಎಣ್ಣೆ ಕಂಪನಿಯದೂ ಒಂದು ಮಂಟಪ ಇರುತ್ತದೆ, ಅಲ್ಲಿ ಅಪ್ಪನ ಗಾಣ ನಿಲ್ಲಿಸಿ ಎಣ್ಣೆ ತೆಗೆದು ತೋರಿಸಿದರೆ ಮನೆತನಕ್ಕೆ ಮಾನ ಎಂದು ಬರೆದಿದ್ದೀ. ಇಪ್ಪತ್ತು ವರ್ಷದಿಂದ ನಮ್ಮ ಗಾಣ ಹೊಡೆಯುವ ಮಲ್ಕಪ್ಪನಿಗೆ ಓದಿ ಹೇಳಿದೆ. “ಗಾಣ ಅಂದ್ರ ಕೌದಿ ಏನ್ರಿ ಅಕ್ಕಾರ, ಸುತ್ತಿ ಬಗಲಾಗ ಹಿಡಕೊಂಡು ಹೋಗಾಕ?” ಎಂದ. ಹುಣಸೆ ಮರದ ಒರಳು, ಎದೆಮಟ ನೆಲದಲ್ಲಿ ಹೂತಿದೆ. ಅಪ್ಪ ನೆಟ್ಟ ಮೇಲೆ ಇಲ್ಲಿಯವರೆಗೆ ಒಂದು ಬೆರಳು ಅಲುಗಿಲ್ಲ.

ಆ ಗಾಣ ಯಾಕೆ ಇದೆ ಎಂಬುದನ್ನೂ ನೆನಪು ಮಾಡಲೇ? ಮಠದ ಗದ್ದುಗೆಯ ಮುಂದಿನ ನಂದಾದೀಪಕ್ಕೆ ನಮ್ಮ ಗಾಣದ ಕುಸುಬಿ ಎಣ್ಣೆಯೇ ಹೋಗಬೇಕು. ಅದು ಅಪ್ಪ ಹೊತ್ತ ಹರಕೆ. ನನ್ನ ಗಂಡ ತೀರಿಕೊಂಡು ನಾನು ತವರಿಗೆ ಬಂದ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ. ಪಂಚರನ್ನು ಕರೆಸಿ ಹೇಳಿದ: “ಮನಿ ಮಗಂದು, ಗಾಣ ಮಗಳದು.” ನೀನೂ ಅಲ್ಲೇ ಕೂತಿದ್ದೆ.

ಆದರೂ ಕೊಡುತ್ತೇನೆ. ಅಪ್ಪನ ಹೆಸರು ನಾಲ್ಕು ಜನರ ಎದುರು ಬರುವುದಾದರೆ ಬರಲಿ. ಮಲ್ಕಪ್ಪ ಜೊತೆಗೆ ಬರುತ್ತಾನೆ, ಒರಳು ನೆಡುವುದೂ ಕೀಳುವುದೂ ಅವನ ಕೈಯಿಂದಲೇ ಆಗಬೇಕು. ಎತ್ತು ಅಲ್ಲಿಯೇ ಸಿಗುತ್ತದೆ ಎಂದಿದ್ದೀ. ಯಾರ ಎತ್ತಾದರೇನು, ಸೋಮವಾರ ಹೂಡಕೂಡದು. ಮೊದಲ ಎಣ್ಣೆ ದೇವರ ಹಣತೆಗೆ. ನನ್ನ ಹತ್ತಿರ ಎರಡು ಗಡಿಗೆ ಎಣ್ಣೆ ಇದೆ, ಶಿವರಾತ್ರಿಯವರೆಗೆ ದೀಪಕ್ಕೆ ಸಾಕು. ಅಷ್ಟರೊಳಗೆ ಗಾಣ ತಿರುಗಿ ಬಂದು ಒರಳು ಕಿತ್ತ ಅದೇ ಕುಣಿಯಲ್ಲಿ ನಿಲ್ಲಬೇಕು. ಈ ಮಾತಿಗೆ ತಪ್ಪಿದರೆ ನಾನು ಅಕ್ಕನಲ್ಲ, ನೀನು ತಮ್ಮನಲ್ಲ.

ಗುರುಬಾಯಿ


ಮುಂಬೈ
೧೧ ಡಿಸೆಂಬರ್ ೧೯೩೮

ಅಕ್ಕನ ಪಾದಗಳಿಗೆ ಚಂದ್ರಾಮನ ಶರಣು.

ಅಕ್ಕಾ, ನೀನು ಇಲ್ಲಿರಬೇಕಿತ್ತು. ಅರಮನೆಯಂಥ ಸಭಾಗೃಹ. ಇಂಗ್ಲೆಂಡು, ಅಮೇರಿಕಾ, ಇರಾಣ, ಬರ್ಮಾ, ಎಲ್ಲೆಲ್ಲಿಂದಲೋ ಬಂದವರು. ಕಲ್ಲಿದ್ದಲ ಗಣಿಯ ಒಡೆಯರು ಒಂದು ಸಾಲು, ಎಣ್ಣೆ ಬಾವಿಯವರು ಒಂದು ಸಾಲು, ಕರೆಂಟಿನ ಇಂಜಿನಿಯರುಗಳು ಒಂದು ಸಾಲು. ಮುಂದಿನ ವರ್ಷ ಜಗತ್ತಿನ ಒಲೆ ಯಾವುದರಿಂದ ಉರಿಯಬೇಕು, ದೀಪ ಯಾವುದರಿಂದ ಬೆಳಗಬೇಕು ಎಂದು ಮೂರು ದಿನ ಅವರೇ ಕೂತು ಮಾತಾಡುತ್ತಾರೆ.

ನಮ್ಮ ಮಂಟಪದಲ್ಲಿ ಗೋಡೆಯಷ್ಟು ದೊಡ್ಡ ಭೂಪಟ. ಕಂಪನಿಯ ಎಣ್ಣೆ ಹೋಗುವ ಊರಿಗೆಲ್ಲ ಒಂದೊಂದು ಸಣ್ಣ ಕೆಂಪು ಬಲ್ಬು. ಗುಲ್ಬರ್ಗಾ ಹೊಳೆಯುತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕತ್ತಲು. ದೊಡ್ಡ ಸಾಹೇಬರು ಕೋಲಿನಿಂದ ಆ ಕತ್ತಲನ್ನು ಮುಟ್ಟಿ, “ಇದು ಮುಂದಿನ ವರ್ಷಕ್ಕೆ” ಎಂದರು. ಆ ಮೂರು ತಾಲೂಕಿಗೆ ನನ್ನನ್ನೇ ಇನ್ಸ್‌ಪೆಕ್ಟರ್ ಮಾಡುವ ಮಾತು ನಡೆದಿದೆ.

ನಮ್ಮ ಗಾಣದ ಸುತ್ತ ಯಾವಾಗಲೂ ಜನ. ಅಮೇರಿಕಾದವನೊಬ್ಬ ಎಣ್ಣೆಗೆ ಬೆರಳು ಅದ್ದಿ ನೆಕ್ಕಿ ನೋಡಿದ. ನಿನ್ನ ಮಾತಿನಂತೆಯೇ ಎಲ್ಲ ನಡೆಯಿತು. ಮಂಗಳವಾರ ಎತ್ತು ಹೂಡಿದೆವು, ಮೊದಲ ಎಣ್ಣೆ ಹಣತೆಗೆ ಹಾಕಿದೆವು. ಮಲ್ಕಪ್ಪನಿಗೆ ಇಲ್ಲಿಯ ನೀರು ಒಗ್ಗಲಿಲ್ಲ, ಬೇಗ ಕಳಿಸಿದೆ. ಹುಶಾರಾಗಿರಬೇಕು.

ಗಾಣ ಜನವರಿಯಲ್ಲಿ ರೈಲಿಗೆ ಹಾಕಿಸುತ್ತೇನೆ.

ನಿನ್ನ ಚಂದ್ರಾಮ


ಮಾದನಹಿಪ್ಪರಗಾ
ಸೋಮವಾರ, ೬ ಫೆಬ್ರುವರಿ ೧೯೩೯

ಚಂದ್ರಾಮಪ್ಪನಿಗೆ.

ಜನವರಿ ಹೋಯಿತು. ಮಲ್ಕಪ್ಪ ನಾಲ್ಕು ಸಲ ದುಧನಿ ಸ್ಟೇಶನ್ನಿಗೆ ಗಾಡಿ ಹೂಡಿಕೊಂಡು ಹೋಗಿ ಖಾಲಿ ಗಾಡಿ ತಂದ. ಸ್ಟೇಶನ್ನಿನ ಹಮಾಲರು ಅವನಿಗೆ, “ಯಾಕೋ ಮಲ್ಕಪ್ಪ, ಬೀಗರು ಇಳೀಲಿಲ್ಲೇನು ಇವತ್ತೂ?” ಎಂದು ಚಾಷ್ಟಿ ಮಾಡುತ್ತಾರಂತೆ.

ಒಂದು ಗಡಿಗೆ ಮುಗಿದಿದೆ. ಇನ್ನೊಂದರಲ್ಲಿ ನಾಲ್ಕು ಬೆರಳು ಎಣ್ಣೆ. ಶಿವರಾತ್ರಿಗೆ ಹನ್ನೊಂದು ದಿನ. ಗಾಣದ ಕುಣಿಯಲ್ಲಿ ನಾಯಿ ಮರಿ ಹಾಕಿದೆ. ಎತ್ತು ದಿನಾ ಬೆಳಿಗ್ಗೆ ಯಾರೂ ಹೊಡೆಯದೆ ತಾನೇ ಬಂದು ಕುಣಿಯ ಬದಿಗೆ ನಿಲ್ಲುತ್ತದೆ. ಮೂಕಪ್ರಾಣಿಗೆ ನಾನು ಏನು ಹೇಳಲಿ, ನಿನ್ನ ಧಣಿ ಮುಂಬೈಯಲ್ಲಿ ಬೆಳಕು ಹಂಚುತ್ತಿದ್ದಾನೆ ಎಂದೇ?

ಆಳಂದ ಕತ್ತಲಂತೆ! ಅಫಜಲಪುರ ಕತ್ತಲಂತೆ! ಆ ಕೋಲು ಹಿಡಿದವನು ನಮ್ಮ ಕಡೆ ಒಂದು ದಿನ ಸಂಜೆ ನಿಂತಿದ್ದಾನೇನು? ಮನೆಮನೆಗೆ ಕುಸುಬಿ ಎಣ್ಣೆಯ ಹಣತೆ ಇದೆ, ಗದ್ದುಗೆಗೆ ದೀಪ ಇದೆ, ದರ್ಗಾಕ್ಕೆ ದೀಪ ಇದೆ. ನೀವು ಮಾರಿದ ದೀಪ ಮಾತ್ರ ದೀಪ, ನಾವು ಹಚ್ಚಿದ್ದು ಕತ್ತಲೋ? ಆ ಭೂಪಟದ ಮುಂದೆ ನಿಂತು ನೀನು ಬಾಯಿ ತೆರೆಯಲಿಲ್ಲವೆ? ಅದೇ ಎಣ್ಣೆಯ ಬೆಳಕಿನಲ್ಲಿ ಮಠದ ಐಗಳ ಹತ್ತಿರ ಇಬ್ಬರೂ ಅಕ್ಷರ ತಿದ್ದಿದ್ದು. ನನಗೆ ನಾಲ್ಕಕ್ಷರ ಬಂತು, ನಿನಗೆ ಇಂಗ್ಲಿಷಿನ ತನಕ ದಾರಿ ಆಯಿತು.

ಮಲ್ಕಪ್ಪ ಮುಂಬೈಯಿಂದ ಬಂದ ಮೇಲೆ ಬಾಯಿಗೆ ಬೀಗ ಹಾಕಿದ್ದಾನೆ. ನೀರು ಒಗ್ಗಲಿಲ್ಲ ಎಂದಿದ್ದೆಯಲ್ಲ, ಹೊಟ್ಟೆ ನೋವೇನೋ ಎಂದು ಕೇಳಿದೆ. “ಹೊಟ್ಟಿ ಸುದ್ದ ಅದರಿ ಅಕ್ಕಾರ” ಎಂದವನು ಎದ್ದು ಕೊಟ್ಟಿಗೆಗೆ ಹೋದ.

ಗಾಣ ಕಳಿಸು. ಬೇರೆ ಮಾತು ಬೇಡ.

ಗುರುಬಾಯಿ


ಮುಂಬೈ
೧೪ ಫೆಬ್ರುವರಿ ೧೯೩೯

ಅಕ್ಕಾ, ಶರಣು.

ಗಾಣ ಕಂಪನಿಯ ಗೋದಾಮಿನಲ್ಲಿ ಭದ್ರವಾಗಿದೆ. ಬಿಡಿಸಿಕೊಳ್ಳಲು ಮೇಲಿನವರ ಸಹಿ ಬೇಕು. ಅವರು ವಿಲಾಯತಿಗೆ ಹೋಗಿದ್ದಾರೆ. ಸ್ವಲ್ಪ ತಡಿ.

ಅಲ್ಲಿಯವರೆಗೆ ಅಡಚಣೆ ಆಗದಿರಲಿ ಎಂದು ಮೊದಲ ದರ್ಜೆಯ ಚಿಮಣಿ ಎಣ್ಣೆ ಎರಡು ಡಬ್ಬಿ, ಒಂದು ಹೊಸ ಕಂದೀಲು ದುಧನಿಗೆ ಕಳಿಸಿದ್ದೇನೆ. ಗದ್ದುಗೆಗೆ ಅದನ್ನೇ ಹಚ್ಚು. ಗಾಳಿಗೆ ಆರುವುದಿಲ್ಲ. ಶಿವನಿಗೆ ಬೆಳಕು ಬೇಕು, ಎಣ್ಣೆ ಯಾವುದಾದರೇನು ಅಕ್ಕಾ?

ಚಂದ್ರಾಮ


ಮಾದನಹಿಪ್ಪರಗಾ
ಸೋಮವಾರ, ೧೩ ಮಾರ್ಚ್ ೧೯೩೯

ಚಂದ್ರಾಮಪ್ಪನಿಗೆ.

ನಿನ್ನ ಡಬ್ಬಿಗಳ ಮುಚ್ಚಳ ತೆಗೆದಿಲ್ಲ. ಕುಣಿಯಲ್ಲಿ ಇಳಿಸಿದ್ದೇನೆ, ಮೇಲೆ ಕಂದೀಲು ಇಟ್ಟಿದ್ದೇನೆ. ನೋಡಲು ಗೋರಿಯ ಹಾಗಿದೆ.

ಶಿವರಾತ್ರಿಯ ಹಿಂದಿನ ದಿನ ಉಪವಾಸ ಇದ್ದುಕೊಂಡೇ ನಿಂಬರ್ಗಾಕ್ಕೆ ಹೋಗಿ ಸುಭದ್ರಾಬಾಯಿಯ ಗಾಣದಿಂದ ಎಣ್ಣೆ ಬೇಡಿ ತಂದೆ. ಅವಳು ಕೊಟ್ಟಳು, ಕೊಟ್ಟು ಕೇಳಿದಳು: “ಯಾಕ್ರಿ ಗುರುಬಾಯಿ, ಊರಿಗೆಲ್ಲ ಎಣ್ಣಿ ಹಾಕಾಕಿ ನೀವು, ನಿಮ್ಮ ಗಾಣ ಏನು ಕಾಶಿಗೆ ಹೋಗೇದೇನ್ರಿ?” ನಾನು ತಲೆ ತಗ್ಗಿಸಿ ಬಂದೆ. ದೀಪ ಆರಲಿಲ್ಲ. ಆದರೆ ಹರಕೆ ಮುರಿಯಿತು. ಅಪ್ಪ ಕಟ್ಟಿದ್ದನ್ನು ನನ್ನ ಕೈಯಿಂದ ಮುರಿಸಿದೆ ನೀನು.

ಇದು ಹಳೆಯ ಸುದ್ದಿ. ಹೊಸದು ಕೇಳು.

ಮೊನ್ನೆ ಗುರುವಾರ ಬೆಲ್ಲ ತರಲು ಆಳಂದಕ್ಕೆ ಹೋಗಿದ್ದೆ. ಗೌಸಮೊಹಿದ್ದೀನ ಸಾಹೇಬರ ಕಿರಾಣಿ ಅಂಗಡಿ ನಿನಗೆ ಗೊತ್ತಲ್ಲ. ನನ್ನನ್ನು ಕಂಡ ಕೂಡಲೆ, “ಬರ್ರಿ ಅಕ್ಕಾರ, ಬರ್ರಿ! ನಿಮ್ಮ ತಮ್ಮನ ತಸಬೀರ ಬಂದದ. ಮೊದಲ ಮಿಠಾಯಿ, ಹಿಂದಿಂದ ಬೆಲ್ಲ” ಎಂದು ನಕ್ಕರು. ಗೋಡೆಗೆ ನಿನ್ನ ಕಂಪನಿಯ ಇಸ್ತಿಹಾರ ಹಚ್ಚಿದ್ದರು, ಬಾಗಿಲಿನಷ್ಟು ದೊಡ್ಡದು. ಒಂದು ಬದಿಗೆ ಕಂದೀಲು, ಸೂರ್ಯನ ಹಾಗೆ ಕಿರಣ ಬಿಡುತ್ತದೆ. ಇನ್ನೊಂದು ಬದಿಗೆ ಅಪ್ಪನ ಗಾಣ. ಕಣ್ಣಿಗೆ ಪಟ್ಟಿ ಕಟ್ಟಿದ ಎತ್ತು. ಎತ್ತಿನ ಹಿಂದೆ ಬರಿಮೈಯಲ್ಲಿ, ಮೊಣಕಾಲ ಮೇಲೆ ಧೋತರ ಎತ್ತಿ ಕಟ್ಟಿ, ಬಾರುಕೋಲು ಹಿಡಿದು ನೀನು. ಇಂಗ್ಲಿಷು ಓದಿದ ನೀನು!

ಏನು ಬರೆದಿದೆ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಓದಿದರು. ಗಾಣದ ಕೆಳಗೆ ‘ನಿನ್ನೆಯ ಕತ್ತಲು’. ಕಂದೀಲಿನ ಕೆಳಗೆ ‘ಇಂದಿನ ಬೆಳಕು’. ಓದುತ್ತ ಓದುತ್ತ ಅವರ ನಗು ಇಳಿಯಿತು. ಅದರ ಬುಡಕ್ಕೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. “ಅದು ಬಿಡ್ರಿ ಅಕ್ಕಾರ, ತಾರೀಕು ಅದ ಅಷ್ಟ.”

“ಎಷ್ಟು ತಾರೀಕು?”

“ಮುಂಬೈ ಸಮ್ಮೇಳನದ ಮೊದಲನೇ ದಿನ, ಪಾಂಚ್ ಡಿಸೆಂಬರ್ ಅಂತ ಬರದಾರ.”

ಅಂಗಡಿಯ ಪಂಚಾಂಗ ತೆಗೆಸಿ ನೋಡಿಸಿದೆ. ಸೋಮವಾರ. ಎರಡು ಸಲ ನೋಡಿಸಿದೆ, ಎರಡು ಸಲವೂ ಸೋಮವಾರವೇ. ಗೌಸಮೊಹಿದ್ದೀನ ಸಾಹೇಬರು ಸ್ಟೂಲು ಹತ್ತಿ ಇಸ್ತಿಹಾರ ಇಳಿಸಿ, ಸುರುಳಿ ಸುತ್ತಿ ಒಳಗಿಟ್ಟರು. ಮಿಠಾಯಿಯ ಮಾತು ಮತ್ತೆ ಎತ್ತಲಿಲ್ಲ. ಹೊರಗಿನವರಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲ.

ಇನ್ನೊಂದನ್ನು ನಾನು ಅವರಿಗೆ ಹೇಳಲಿಲ್ಲ. ನಿನ್ನ ಕೊರಳು ಬೋಳಾಗಿತ್ತು. ಶಿವದಾರ ಇರಲಿಲ್ಲ, ಲಿಂಗ ಇರಲಿಲ್ಲ.

ಮನೆಗೆ ಬಂದು ಮಲ್ಕಪ್ಪನನ್ನು ಕೂಡಿಸಿ ಕೇಳಿದೆ. ಅವನು ನೆಲ ನೋಡುತ್ತ ಹೇಳಿದ:

“ನಾ ಒಲ್ಲೆ ಅಂದೆನ್ರಿ ಅಕ್ಕಾರ. ಸೋಮಾರ ನಮ್ಮ ಕಡಿ ಹೂಡೂದಿಲ್ಲ ಅಂದೆ. ಸಣ್ಣ ಧಣ್ಯಾರು, ‘ಲೇ ಮಲ್ಕ್ಯಾ, ಇಲ್ಲಿ ನಮ್ಮವರು ಯಾರು ನೋಡಾಕತ್ತಾರಲೇ?’ ಅಂದ್ರು. ಎತ್ತು ನೋಡಾಕತ್ತದಲ್ಲರಿ ಅಂದೆ. ‘ಅದರ ಕಣ್ಣಿಗೆ ಪಟ್ಟಿ ಅದಲೇ’ ಅಂದ್ರು. ಅಷ್ಟರಾಗ ಸಾಹೇಬರು ಬಂದ್ರು, ಗಡಬಡಿ ಆತು. ಧಣ್ಯಾರು ತಾವೇ ಅಂಗಿ ತಗದ್ರು. ಕೊಳ್ಳಾಗಿಂದು ತಗದು ನನ್ನ ಕೈಯಾಗ ಕೊಟ್ರು, ಹಿಡಕೋ ಅಂದ್ರು. ನಾ ಹಿಡಕೊಂಡು ನಿಂತೆನ್ರಿ, ನೆಲಕ್ಕ ಇಡಲಿಲ್ಲ. ಸಾಹೇಬರು ನಗಾಕತ್ತಿದ್ರು, ಫೋಟೋ ತಗ್ಯಾಕತ್ತಿದ್ರು. ಆಮೇಲೆ ಒಬ್ಬ ಸಿಪಾಯಿ ಬಂದ, ಹೇಳಿದ ಕೆಲಸ ಒಲ್ಲೆ ಅಂದವನಿಗೆ ಇಲ್ಲೇನು ಕೆಲಸ ಅಂತ ಅದೇ ಮಧ್ಯಾಹ್ನ ಗಾಡಿಗೆ ಹತ್ತಿಸಿದ.”

ಇಷ್ಟು ಹೇಳಿ ಮಲ್ಕಪ್ಪ ಎದ್ದು ತನ್ನ ಮನೆಗೆ ಹೋಗಿ ಮತ್ತೆ ಬಂದ. ಆಮೇಲಿನದು ಈ ಕಾಗದದಲ್ಲಿ ಬೇಡ.

ನೀರು ಒಗ್ಗಲಿಲ್ಲವಂತೆ! ಮಲ್ಕಪ್ಪನಿಗೆ ಒಗ್ಗದೆ ಇದ್ದದ್ದು ನೀರಲ್ಲ.

ನಿನಗೆ ಒಂದೇ ಪ್ರಶ್ನೆ. ದಿನಾ ಲಿಂಗಪೂಜೆ ನಡೆಯುತ್ತಿದೆಯೇ? ಖರೇ ಹೇಳು. ಉಳಿದದ್ದೆಲ್ಲ ನಿನ್ನ ಉತ್ತರ ನೋಡಿ.

ಗುರುಬಾಯಿ


ಮುಂಬೈ
೨೬ ಮಾರ್ಚ್ ೧೯೩೯

ಅಕ್ಕಾ,

ಬೈದದ್ದು ಸರಿ. ಸೋಮವಾರದ ವಿಷಯದಲ್ಲಿ ಸುಳ್ಳು ಬರೆದೆ, ಒಪ್ಪಿಕೊಳ್ಳುತ್ತೇನೆ. ಆ ಇಸ್ತಿಹಾರದ ಬರಹ ನನಗೆ ಮೊದಲು ತೋರಿಸಿರಲಿಲ್ಲ. ತೋರಿಸಿದ್ದರೂ ಬೇಡ ಎನ್ನುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ. ಐದುನೂರು ಜನ ಕಾಯುತ್ತಿದ್ದರು, ದೊಡ್ಡ ಸಾಹೇಬರು ಗಡಿಯಾರ ನೋಡುತ್ತಿದ್ದರು.

ಒಂದು ಮಾತು ಹೇಳಲೇ? ಎತ್ತಿನ ಹಿಂದೆ ಎರಡು ಸುತ್ತು ಬಂದ ಮೇಲೆ ಅವರ ನಗು ಕೇಳಿಸಲಿಲ್ಲ. ಒರಳು ಕಿರುಗುಟ್ಟುವ ಸದ್ದು ಅಪ್ಪನ ಕಾಲದ್ದೇ. ಎಣ್ಣೆ ಇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದು ಇಸ್ತಿಹಾರದಲ್ಲಿ ಕಾಣುವುದಿಲ್ಲ.

ಲಿಂಗಪೂಜೆ ಕೇಳಿದ್ದೀ. ಒಂದು ದಿನವೂ ತಪ್ಪಿಲ್ಲ. ಅಪ್ಪ ಕಟ್ಟಿಸಿದ ಅದೇ ಲಿಂಗ, ಈ ಕಾಗದ ಬರೆಯುವಾಗಲೂ ಕೊರಳಲ್ಲಿದೆ.

ಗಾಣ ಬೇಗ ಕಳಿಸುತ್ತೇನೆ.

ಚಂದ್ರಾಮ


ಮುಂಬೈ
೧೫ ನವೆಂಬರ್ ೧೯೩೯

ಪೂಜ್ಯ ಅಕ್ಕನವರಿಗೆ,

ಮಾರ್ಚ್ ತಿಂಗಳ ನಂತರ ತಮ್ಮಿಂದ ಪತ್ರವಿಲ್ಲ. ಕ್ಷೇಮವೆಂದು ನಂಬಿದ್ದೇನೆ.

ಯುದ್ಧ ಶುರುವಾಗಿದ್ದರೂ ಈ ಡಿಸೆಂಬರಿನ ಸಮ್ಮೇಳನ ನಡೆಯುತ್ತದೆ. ಕಂಪನಿಯವರು ಗಾಣವನ್ನು ಶಾಶ್ವತವಾಗಿ ಪ್ರದರ್ಶನದಲ್ಲಿ ಇಡಲು ಬಯಸಿದ್ದಾರೆ. ಅದು ತಮ್ಮದೆಂದು ನಾನೇ ತಿಳಿಸಿದ್ದರಿಂದ ತಮ್ಮ ಒಪ್ಪಿಗೆ ಬೇಕಾಗಿದೆ. ಜೊತೆಗಿರುವ ಕಾಗದಕ್ಕೆ ಸಹಿ ಹಾಕಿ ಕಳಿಸಬೇಕು. ಮತ್ತೊಂದು ವಿನಂತಿ: ಮೊದಲ ದಿನ ತಾವು ವೇದಿಕೆಗೆ ಬಂದು ಗಾಣದ ಪಕ್ಕ ಹಣತೆ ಹಚ್ಚಿ ಕೂಡಬೇಕು. ಆಮೇಲೆ ಸಾಹೇಬರು ಹಣತೆ ಆರಿಸಿ ಕರೆಂಟಿನ ಗುಂಡಿ ಒತ್ತುತ್ತಾರೆ.

ಮೂರು ತಾಲೂಕಿನ ನನ್ನ ಹುದ್ದೆ ಇದರ ಮೇಲೆ ನಿಂತಿದೆ. ಉತ್ತರವನ್ನು ಕೂಡಲೆ ಟಪಾಲಿಗೆ ಹಾಕಿರಿ.

ತಮ್ಮ ವಿಧೇಯ,
ಚಂದ್ರಾಮಪ್ಪ


ಮಾದನಹಿಪ್ಪರಗಾ
ಕಾರ್ತಿಕ ಸೋಮವಾರ, ೨೭ ನವೆಂಬರ್ ೧೯೩೯

ಚಂದ್ರಾಮ,

ಒಪ್ಪತ್ತು ಇವತ್ತೂ ಇದೆ. ಅಂಗಳ ಸಾರಿಸಿ ಎಮ್ಮೆ ಹಿಂಡಿ ನೀರು ತಂದು ಪೂಜೆಗೆ ಕೂತೆ. ಈ ವರ್ಷ ನನ್ನ ಪೂಜೆ ತಡವಾಗಿ ಮುಗಿಯುತ್ತದೆ. ಎರಡು ಲಿಂಗಕ್ಕೆ ನೀರು ಹಾಕಬೇಕಲ್ಲ.

ಹೌದು, ಎರಡು. ಒಂದು ನನ್ನದು. ಇನ್ನೊಂದು ನಿನ್ನದು.

ಅವತ್ತು ಮಲ್ಕಪ್ಪ ತನ್ನ ಮನೆಗೆ ಹೋಗಿ ಬಂದ ಎಂದು ಬರೆದಿದ್ದೆನಲ್ಲ, ಅದನ್ನು ತರಲು ಹೋಗಿದ್ದ. ಸಿಪಾಯಿ ಗಾಡಿಗೆ ಹತ್ತಿಸುವಾಗ ಅದು ಅವನ ಕೈಯಲ್ಲೇ ಇತ್ತು. ನೀನು ಸಾಹೇಬರ ನಡುವೆ ನಿಂತಿದ್ದೆ, ಅವನು ಕೂಗಿದರೂ ತಿರುಗಿ ನೋಡಲಿಲ್ಲವಂತೆ. ಕದ್ದು ತಂದ ಎಂದಾರು ಎಂಬ ಅಂಜಿಕೆಗೆ ಮೂರು ತಿಂಗಳು ಯಾರಿಗೂ ಹೇಳದೆ ಹೊಸ ಗಡಿಗೆಯಲ್ಲಿ ಜೋಳದ ನಡುವೆ ಇಟ್ಟಿದ್ದ. “ಮಂತ್ರ ನನಗ ಬರೂದಿಲ್ಲರಿ ಅಕ್ಕಾರ. ದಿನಾ ಮೈ ತೊಳಕೊಂಡು ಒಂದು ಹನಿ ನೀರು ಹಾಕೇನಿ. ತಪ್ಪಾಗಿದ್ರ ಹೊಟ್ಯಾಗ ಹಾಕೋರಿ” ಎಂದು ಅಳುತ್ತ ನನ್ನ ಕೈಗಿಟ್ಟ. ತಪ್ಪು ಅವನದಂತೆ!

ಅದು ನನ್ನ ಮಡಿಲಲ್ಲಿ ಇದ್ದಾಗಲೇ ನಿನ್ನನ್ನು ಕೇಳಿದೆ, ಪೂಜೆ ನಡೆಯುತ್ತಿದೆಯೇ ಎಂದು. ನೀನು ಬರೆದೆ: ಅದೇ ಲಿಂಗ, ಕೊರಳಲ್ಲಿದೆ. ಆ ಸಾಲು ಓದಿದಾಗ ಲಿಂಗ ನನ್ನ ಎದುರಿಗೆ ಇತ್ತು, ಚಂದ್ರಾಮ. ಆಗ ನಿನಗೆ ಕಾಗದ ಬರೆದಿದ್ದರೆ ಶಾಪ ಬರೆಯುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ಎಂಟು ತಿಂಗಳು ಕಾದೆ. ‘ಅಕ್ಕಾ, ನನ್ನ ಲಿಂಗ ಕಳೆದಿದೆ’ ಎಂದು ಒಂದು ಸಾಲು ಬಂದರೆ ಎಲ್ಲ ಸಿಟ್ಟನ್ನೂ ನುಂಗುತ್ತಿದ್ದೆ. ಬಂದದ್ದು ಸಹಿ ಹಾಕುವ ಕಾಗದ. ಎಂದೂ ಇಲ್ಲದೆ ನನ್ನನ್ನು ‘ತಾವು’ ಎಂದಿದ್ದೀ. ನಾನು ನಿನ್ನ ಗಿರಾಕಿಯೇ?

ನಾನು ಹಣತೆ ಹಚ್ಚಬೇಕು, ಸಾಹೇಬ ಊದಬೇಕು. ಇದನ್ನು ನನಗೇ ಬರೆದು ಕಳಿಸಿದೆಯಲ್ಲ ನೀನು! ಅವನಿಗೆ ಹೇಳು: ಕರೆಂಟಿನ ಗುಂಡಿ ಒತ್ತಲಿ, ಸಾವಿರ ಒತ್ತಲಿ. ಬೆಳಕಿನ ಮೇಲೆ ನನಗೆ ಸಿಟ್ಟಿಲ್ಲ. ಹೊಸ ದೀಪ ಹಚ್ಚುವವನು ಹಚ್ಚಲಿ, ಅದಕ್ಕೆ ಇನ್ನೊಬ್ಬರ ದೀಪ ಆರಿಸುವುದೇಕೆ? ಅದೂ ನಮ್ಮ ಕೈಯಿಂದಲೇ ಹಚ್ಚಿಸಿ?

ಗದ್ದುಗೆಯ ದೀಪ ಉರಿಯುತ್ತಿದೆ. ವಾರಕ್ಕೊಮ್ಮೆ ನಾನು ನಿಂಬರ್ಗಾಕ್ಕೆ ಹೋಗಿ ಬೇಡಿ ತರುವ ಎಣ್ಣೆಯಿಂದ. ಕುಣಿ ಹಾಗೇ ಇದೆ. ಮಲ್ಕಪ್ಪ ಬೇರೆ ಒರಳು ಕಡಿಸೋಣ ಎಂದ. ಬೇಡ ಎಂದೆ. ನಮ್ಮದು ಇನ್ನೂ ಸತ್ತಿಲ್ಲ, ಗೋದಾಮಿನಲ್ಲಿದೆ.

ನೀನು ಕಳಿಸಿದ ಕಾಗದಕ್ಕೆ ಸಹಿ ಹಾಕಿಲ್ಲ. ಅದರ ಬೆನ್ನಿಗೆ ಉತ್ತರ ಬರೆದಿದ್ದೇನೆ: ಗಾಣ ಮಗಳದು, ಮಗಳು ಕೊಡುವುದಿಲ್ಲ. ಅದನ್ನು ಮಡಚಿ ನಿನ್ನ ಲಿಂಗದ ಜೊತೆಗೆ ಒಂದೇ ವಸ್ತ್ರದಲ್ಲಿ ಕಟ್ಟಿ ದೇವರ ಮಾಡದಲ್ಲಿ ಇಟ್ಟಿದ್ದೇನೆ. ಗಾಣ ಬಂದರೆ ಲಿಂಗ ಕೊಡುತ್ತೇನೆ ಎಂದು ನಾನು ಹೇಳುವುದಿಲ್ಲ. ಲಿಂಗಕ್ಕೆ ಷರತ್ತು ಹಾಕುವವಳಲ್ಲ ನಾನು. ಅದು ನಿನ್ನದು. ಆದರೆ ಅದು ಟಪಾಲಿನ ಚೀಲದಲ್ಲಿ, ನಾಲ್ಕು ಜನರ ಚಪ್ಪಲಿಯ ನಡುವೆ ಬರುವ ವಸ್ತುವಲ್ಲ. ಆದ್ದರಿಂದ ಅದರ ಜೊತೆ ಕಟ್ಟಿಟ್ಟ ಆ ಉತ್ತರವೂ ಟಪಾಲಿನಲ್ಲಿ ಬರುವುದಿಲ್ಲ.

ನೀನೇ ಬಾ. ಬರಲು ಮೋರೆ ಇಲ್ಲದಿದ್ದರೆ ಯಾರನ್ನಾದರೂ ಕಳಿಸು. ಆದರೆ ಏನು ತರಲು ಹೋಗುತ್ತಿದ್ದಾನೆ ಎಂಬುದನ್ನು ಅವನಿಗೆ ನಿನ್ನ ಬಾಯಿಂದ ಹೇಳಿ ಕಳಿಸು. ಅವನು ಇಲ್ಲಿ ಹೊಸ್ತಿಲಲ್ಲಿ ನಿಂತು ‘ಲಿಂಗ ಕೊಡ್ರಿ’ ಎಂದರೆ ಕೊಡುತ್ತೇನೆ. ಸುಮ್ಮನೆ ‘ಕಾಗದ ಕೊಡ್ರಿ’ ಎಂದರೆ ನೀರು ಕುಡಿಸಿ ತಿರುಗಿ ಕಳಿಸುತ್ತೇನೆ.

ಯಾವ ದಿನ ಬಂದರೂ ಮಲ್ಕಪ್ಪ ದುಧನಿಗೆ ಗಾಡಿ ತರುತ್ತಾನೆ. ಸೋಮವಾರ ಮಾತ್ರ ಇಳಿಯಬೇಡಿ. ಸೋಮವಾರ ನಾವು ಎತ್ತು ಹೂಡುವುದಿಲ್ಲ.

ಗುರುಬಾಯಿ